ಒಂದೇ ನೆರಳು, ಬೇರೆ ಬೇರೆ ಗಡ್ಡೆ

1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಸಿಟಿ ಸ್ಕ್ಯಾನ್ ನಡೆಯಿತು. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರ ಅಂದು ಕಂಡದ್ದು ತಲೆಯ ಒಳಭಾಗವನ್ನು. ಕೆಲವೇ ವರ್ಷಗಳಲ್ಲಿ ಹೊಟ್ಟೆಯ ಒಳಗೂ ಕಾಣಿಸತೊಡಗಿತು. ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದು ಎಂಬುದು ಕೊಯ್ಯದೆಯೇ ತಿಳಿಯಿತು. ಅದು ಯಾವ ಗಡ್ಡೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಜಠರ ಮತ್ತು ಕರುಳಿನ ಗೋಡೆಯ ಕೆಲವು ಅಪರೂಪದ ಗಡ್ಡೆಗಳು ಸ್ಕ್ಯಾನಿನಲ್ಲಿ ಒಂದನ್ನೊಂದು ಹೋಲುತ್ತವೆ. ಸ್ನಾಯುವಿನಿಂದ ಹುಟ್ಟಿದ್ದಾಗಲಿ, ನರದ ಹೊದಿಕೆಯಿಂದ ಹುಟ್ಟಿದ್ದಾಗಲಿ, ಕಾಣುವುದು ದುಂಡನೆಯ ಮುದ್ದೆಯೇ. ಸೂಕ್ಷ್ಮದರ್ಶಕದಡಿಯಲ್ಲೂ ತುದಿ ಚೂಪಾದ ಅವೇ ನೀಳ ಕೋಶಗಳು. ಹಾಗಾಗಿ ದಶಕಗಳ ಕಾಲ ಹೆಚ್ಚಿನವನ್ನು ಸ್ನಾಯುಗಡ್ಡೆ ಎಂದೇ ಬರೆದುಕೊಂಡರು. 1983ರಲ್ಲಿ ಅಮೆರಿಕದ ಮಜೂರ್ ಮತ್ತು ಕ್ಲಾರ್ಕ್, ಇವುಗಳಲ್ಲಿ ಹಲವಕ್ಕೆ ಸ್ನಾಯುವಿನ ಲಕ್ಷಣವೂ ಇಲ್ಲ, ನರದ್ದೂ ಇಲ್ಲ ಎಂದು ತೋರಿಸಿ, ‘ಸ್ಟ್ರೋಮಲ್ ಗಡ್ಡೆ’ ಎಂಬ ತಟಸ್ಥ ಹೆಸರು ಬಳಸಿದರು.

ಗುಟ್ಟು ಬಯಲಾದದ್ದು 1998ರಲ್ಲಿ. ಜಪಾನಿನ ಒಸಾಕಾದಲ್ಲಿ ಸೆಯಿಚಿ ಹಿರೋತಾ ಮತ್ತು ಸಂಗಡಿಗರು ಈ ಗಡ್ಡೆಗಳಲ್ಲಿ ‘ಕಿಟ್’ ಎಂಬ ಜೀನ್ ಕೆಟ್ಟಿರುವುದನ್ನು ಕಂಡರು. ಅದು ತಯಾರಿಸುವ ಪ್ರೋಟೀನ್, ಆರಿಸಲಾಗದ ಸ್ವಿಚ್ಚಿನಂತೆ, ಕೋಶಗಳಿಗೆ ಬೆಳೆಯಲು ಹೇಳುತ್ತಲೇ ಇತ್ತು. ಕರುಳಿನ ಚಲನೆಗೆ ತಾಳ ಹಾಕುವ ಕಹಾಲ್ ಕೋಶಗಳಲ್ಲೂ ಇರುವುದು ಇದೇ ಪ್ರೋಟೀನ್. ಬಯಾಪ್ಸಿಯ ಚೂರಿನಲ್ಲಿ ಅದನ್ನು ಬಣ್ಣ ಹಾಕಿ ಗುರುತಿಸಬಹುದು. ‘ಜಿಸ್ಟ್’ ಎಂಬ ಈ ಗಡ್ಡೆಗಳಲ್ಲಿ ಬಹುಪಾಲು ಬಣ್ಣ ಹಿಡಿಯುತ್ತವೆ, ಸ್ನಾಯುಗಡ್ಡೆ ಹಿಡಿಯುವುದಿಲ್ಲ.

2000ದ ಮಾರ್ಚಿನಲ್ಲಿ, ಒಂದು ಬಗೆಯ ರಕ್ತದ ಕ್ಯಾನ್ಸರಿಗೆಂದು ಸಿದ್ಧವಾಗಿದ್ದ ಇಮಾಟಿನಿಬ್ ಮಾತ್ರೆಯನ್ನು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಜಿಸ್ಟ್ ಹರಡಿದ್ದ ಮಹಿಳೆಯೊಬ್ಬರಿಗೆ ಕೊಟ್ಟರು. ಕಿಟ್ ಪ್ರೋಟೀನನ್ನು ತಡೆಯುವ ಮಾತ್ರೆ ಅದು. ಕೆಲವೇ ವಾರಗಳಲ್ಲಿ ಗಡ್ಡೆಗಳು ಕುಗ್ಗಿದವು. ಅದಕ್ಕೂ ಮುಂಚಿನ ಕೀಮೋಥೆರಪಿಗೆ ಜಿಸ್ಟ್ ಬಗ್ಗಿದ್ದೇ ಕಡಿಮೆ.

ಅಲ್ಲಿಂದ ಹೆಸರಿನ ತೂಕ ಬದಲಾಯಿತು. ಕರುಳಿನ ಸ್ನಾಯುವಿನ ಕ್ಯಾನ್ಸರಿಗೆ ಇಮಾಟಿನಿಬ್ ನಾಟುವುದಿಲ್ಲ. ಕರುಳನ್ನು ಹಿಡಿದಿಡುವ ಪೊರೆಯಲ್ಲಿ ಬೆಳೆಯುವ ಡೆಸ್ಮಾಯ್ಡ್ ಗಡ್ಡೆ ದೂರದ ಅಂಗಗಳಿಗೆ ಹರಡುವುದಿಲ್ಲ; ಕೆಲವೊಮ್ಮೆ ಅದನ್ನು ಮುಟ್ಟದೆ ಗಮನಿಸುತ್ತಾ ಇದ್ದರೆ ಸಾಕು. ಆದರೆ ಜಿಸ್ಟ್ ತೆಗೆಸಿಕೊಂಡವರ ಹೊಟ್ಟೆಯಲ್ಲಿ ಡೆಸ್ಮಾಯ್ಡ್ ಕಾಣಿಸಿಕೊಂಡರೆ, ಸ್ಕ್ಯಾನ್ ನೋಡಿದವರಿಗೆ ಹಳೆಯ ಕ್ಯಾನ್ಸರ್ ಮರಳಿತೆಂದೇ ಅನಿಸಬಹುದು.

ಇಮಾಟಿನಿಬ್‌ನ ಹೊಸ ಹರಳು ರೂಪಕ್ಕೆ ಚೆನ್ನೈನ ಪೇಟೆಂಟ್ ಕಚೇರಿ 2006ರಲ್ಲಿ ಪೇಟೆಂಟ್ ನಿರಾಕರಿಸಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಕೂಡ ಅದೇ ತೀರ್ಪು ಕೊಟ್ಟಿತು. ಭಾರತದ ಕಂಪನಿಗಳ ಅಗ್ಗದ ಮಾತ್ರೆ ಉಳಿಯಿತು. ಆ ಮಾತ್ರೆ ಯಾರಿಗೆ ಎಂಬುದನ್ನು ಹೇಳುವುದು ಮಾತ್ರ ಇಂದಿಗೂ ಬಯಾಪ್ಸಿಯ ಆ ಪುಟ್ಟ ಚೂರು.