ಪ್ರಶ್ನಿಗೂ ಒಂದು ಹದ ಬೇಕು

ಹೂರ್ಣಕ್ಕ ಹದ ಇದ್ದಂಗ ಕ್ವಿಜ್ ಪ್ರಶ್ನಿಗೂ ಹದ ಇರ್ತದ. ಅದನ್ನ ಹಿಡಿಯೋದಕ್ಕ ಕಾಲೇಜಿನವರಿಗೆ ಸುಮಾರು 40 ವರ್ಷ ಬೇಕಾತು ಅಂದ್ರ ನಂಬ್ತೀರೇನ್ರಿ? ಕತಿ ಅಮೆರಿಕಾದ್ದು.

1953ರ ಅಕ್ಟೋಬರದಾಗ ಅಲ್ಲಿ ರೇಡಿಯೋದಾಗ ‘ಕಾಲೇಜ್ ಬೌಲ್’ ಸುರು ಆತು. ಅದನ್ನ ಕಟ್ಟಿದವರು ಡಾನ್ ರೀಡ್. ಎರಡು ಕಾಲೇಜು, ಕಡಿಗೆ ನಾಲ್ಕು ಮಂದಿ. ಮೊದಲು ಗುಂಡಿ ಒತ್ತಿದವರು ಉತ್ತರ ಹೇಳಬೇಕು. ಸರಿ ಇದ್ರ ಅವರ ತಂಡಕ್ಕ ಬೋನಸ್ ಪ್ರಶ್ನಿ. 1959ರಾಗ ಆಟ ಟಿವಿಗೆ ಬಂತು. 1962ರಾಗ ಇಂಗ್ಲೆಂಡಿನವರೂ ಇದೇ ನಮೂನಿ ‘ಯೂನಿವರ್ಸಿಟಿ ಚಾಲೆಂಜ್’ ಸುರು ಮಾಡಿದ್ರು.

ಟಿವಿ ಅಂದಮ್ಯಾಲೆ ಮನ್ಯಾಗ ಕುಂತು ನೋಡೋರಿಗೆ ಬ್ಯಾಸರ ಆಗಬಾರದು. ಅದಕ್ಕ ಪ್ರಶ್ನಿ ಗಿಡ್ಡ ಇರ್ತಿದ್ವು. ಗಿಡ್ಡ ಪ್ರಶ್ನಿಗೆ ಒಂದು ತೊಡಕು ಅದ: ಉತ್ತರ ಇಬ್ಬರಿಗೂ ಗೊತ್ತಿದ್ರ ಗೆಲ್ಲೋದು ಬೆರಳು, ಓದಲ್ಲ. 1990ರ ದಶಕದ ಸುರುವಿನಾಗ ಆಟಗಾರರೇ ಸೇರಿ ಎಸಿಎಫ್ ಅನ್ನೋ ಬ್ಯಾರೆ ಕೂಟ ಕಟ್ಟಿದ್ರು. 1996ರಾಗ ಎನ್‌ಎಕ್ಯೂಟಿ ಅನ್ನೋ ಸಂಸ್ಥಾ ಬಂತು. ಇವರಲ್ಲಿ ಪ್ರಶ್ನಿ ಉದ್ದ. ಕಠಿಣ ಸುಳಿವು ಮೊದಲು, ಸಸಾರದ್ದು ಕಡೀಕ, ಗೋಪುರದ ಕಳಸದಿಂದ ಬುಡಕ್ಕ ಇಳಿದಂಗ.

ನಮ್ಮ ಮಂದಿಗೆ ತಿಳಿಯೂಹಂಗ ಹೇಳ್ತೀನಿ. ಉತ್ತರ ಮಲ್ಲಿಕಾರ್ಜುನ ಮನಸೂರ ಅಂತ ಇಟ್ಕೊಳ್ರಿ. ಮೊದಲ ಸುಳಿವು: ಇವರು ಮಂಜೀಖಾನರ ಹತ್ರ, ಆಮ್ಯಾಲೆ ಬುರ್ಜೀಖಾನರ ಹತ್ರ ಕಲಿತರು. ಎರಡನೇದು: ಆತ್ಮಕಥೆಯ ಹೆಸರು ‘ನನ್ನ ರಸಯಾತ್ರೆ’. ಕಡೀದು: ಧಾರವಾಡದ ಹತ್ರದ ಮನಸೂರಾಗ ಹುಟ್ಟಿದ ಗಾಯಕರು. ಹೆಚ್ಚು ತಿಳಿದವರು ಮೊದಲೇ ಒತ್ತತಾರ, ಉಳಿದವರಿಗೂ ಕಡೀತನಾ ದಾರಿ ಇರ್ತದ. ಆದ್ರ ಇದೇ ಪ್ರಶ್ನಿ ಧಾರವಾಡದಾಗ ಸಸಾರ, ಬ್ಯಾರೆ ರಾಜ್ಯದಾಗ ಕಠಿಣ. ಅಂದ್ರ ಕಠಿಣ ಅನ್ನೋದು ಪ್ರಶ್ನಿಯೊಳಗಷ್ಟ ಇಲ್ಲ, ಎದುರಿಗೆ ಕುಂತವರಲ್ಲೂ ಅದ.

ಬೋನಸ್ಸಿಗೂ ಅವರದೊಂದು ಲೆಕ್ಕ ಅದ. ಮೂರು ಭಾಗ, ಒಂದೊಂದಕ್ಕ 10 ಅಂಕ. ಸಸಾರದ್ದು ಬಂದ ತಂಡಗಳೊಳಗ ನೂರಕ್ಕ ಸುಮಾರು 90ಕ್ಕ ಬರಬೇಕು, ನಡುವಿಂದು 50ಕ್ಕ, ಕಠಿಣದ್ದು 10ಕ್ಕ. ಪಂಕ್ತಿಯೊಳಗ ಕೂಸಿಗೂ ತುತ್ತು ಸಿಗಬೇಕು, ಉಂಡು ಬಲ್ಲವರಿಗೂ ರುಚಿ ಹತ್ತಬೇಕಲ್ರಿ, ಹಂಗ.

ಪ್ರಶ್ನಿ ಬರಿಯೋರಿಗೆ ದೊಡ್ಡ ಆಸೆ ಅಂದ್ರ ತಮ್ಮ ಓದು ತೋರಸೋದು. ಯಾರಿಗೂ ಬರಲಿಲ್ಲ ಅಂತ ಹಿಗ್ಗತಾರ. ಆದ್ರ ಯಾರಿಗೂ ಬಾರದ ಪ್ರಶ್ನಿ ಯಾವ ತಂಡ ಶಾಣ್ಯಾ ಅಂತ ಹೇಳೂದಿಲ್ಲ, ಎಲ್ಲರಿಗೂ ಬರೋದೂ ಹೇಳೂದಿಲ್ಲ. ಅದಕ್ಕ ಎಸಿಎಫ್‌ನವರು ಮೆಟ್ಟಿಲು ಮಾಡಿದ್ರು: ‘ಫಾಲ್’ ಹೊಸಬರಿಗೆ, ಆಮ್ಯಾಲೆ ‘ವಿಂಟರ್’, ‘ರೀಜನಲ್ಸ್’, ಎಲ್ಲಕ್ಕಿಂತ ಕಠಿಣ ‘ನ್ಯಾಷನಲ್ಸ್’.

ಮುಂದ ಗಣೇಶ ಹಬ್ಬಕ್ಕ ಓಣ್ಯಾಗ ನಮ್ಮ ಹುಡುಗರು, ಹುಡುಗ್ಯಾರು ಕ್ವಿಜ್ ಇಟ್ರ ಇಷ್ಟು ಹೇಳ್ರಿ: ಪ್ರಶ್ನಿ ತಗಿಯೂಮುಂದ ಬರೋರ ಮಾರಿ ನೆನೆಸ್ಕೋಬೇಕು. ಇಡೀ ಹೊತ್ತು ಸೊನ್ನಿ ಹಿಡ್ಕೊಂಡು ಕುಂತ ತಂಡ ಮುಂದಿನ ವರ್ಷ ಬರೂದಿಲ್ಲ. ಒಂದು ಉತ್ತರ ಹೇಳಿದ ಹುಡುಗಿ ಮನಿಗೆ ಹೋಗಿ ಎರಡು ಪುಸ್ತಕ ತಗೀತಾಳ.