ಮದರಾಸಿನ ಆರ್ಮೇನಿಯನ್ ದಾನಿಗಳು

ಪರ್ಷಿಯದ ಷಾ ಅಬ್ಬಾಸನು 17ನೆಯ ಶತಮಾನದ ಆರಂಭದಲ್ಲಿ ಸಾವಿರಾರು ಆರ್ಮೇನಿಯನ್ ಕ್ರೈಸ್ತರನ್ನು ಅವರ ನಾಡಿನಿಂದ ಎಬ್ಬಿಸಿ, ಇಸ್ಫಹಾನಿನ ಬಳಿಯ ಹೊಸ ಜುಲ್ಫಾದಲ್ಲಿ ನೆಲೆಗೊಳಿಸಿದನು. ಅಲ್ಲಿಂದ ಹೊರಟ ವರ್ತಕರು ಮದರಾಸಿಗೂ ಬಂದರು. ಸಂಖ್ಯೆಯಲ್ಲಿ ಅವರು ಅಲ್ಪರು, ದಾನದಲ್ಲಿ ಅಲ್ಲ.

ಅವರಲ್ಲಿ ಅಗ್ರಗಣ್ಯರು ಖೋಜಾ ಪೆಟ್ರಸ್ ಉಸ್ಕಾನ್. ಪ್ರೇಷಿತ ಸಂತ ತೋಮಾಸರ ಬೆಟ್ಟಕ್ಕೆ ಹೋಗುವ ಯಾತ್ರಿಕರಿಗೆ ಅನುಕೂಲವಾಗಲೆಂದು 1726ರಲ್ಲಿ ಅಡಯಾರು ಹೊಳೆಗೆ ಸ್ವಂತ ಹಣದಿಂದ ಸೇತುವೆ ಕಟ್ಟಿಸಿದರು; ಬೆಟ್ಟಕ್ಕೆ ಕಲ್ಲಿನ ಮೆಟ್ಟಿಲುಗಳನ್ನು ಹಾಕಿಸಿದರು. ಕಟ್ಟಿಸಿದಲ್ಲಿಗೆ ತಮ್ಮ ಹೊಣೆ ಮುಗಿಯಿತೆಂದು ಅವರು ಭಾವಿಸಲಿಲ್ಲ. ಅವುಗಳ ದುರಸ್ತಿಗೆಂದೇ 1,500 ವರಾಹಗಳ ನಿಧಿಯನ್ನಿರಿಸಿ, 1751ರಲ್ಲಿ ದೈವಾಧೀನರಾದರು.

ಅನಂತರದ ತಲೆಮಾರಿನ ಎಡ್ವರ್ಡ್ ರಫಾಯೆಲ್ ಮತ್ತು ಸ್ಯಾಮುಯೆಲ್ ಮೂರಾಟ್ ತಮ್ಮ ಜನಾಂಗದ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಮರಣಶಾಸನದಲ್ಲಿ ಹಣ ಬಿಟ್ಟರು. ಅದರಿಂದ ಮೆಖಿತಾರಿಸ್ಟ್ ಗುರುಗಳು 1836ರಲ್ಲಿ ವೆನಿಸ್ ನಗರದಲ್ಲಿ ರಫಾಯೆಲರ ಹೆಸರಿನ ವಿದ್ಯಾಲಯವನ್ನು ತೆರೆದರು. ಮದರಾಸಿನಲ್ಲಿ ಗಳಿಸಿದ ಧನ ಹೀಗೆ ಕಡಲಾಚೆಯ ಮಕ್ಕಳಿಗೆ ಅಕ್ಷರವಾಯಿತು.

ಇಂದು ಚೆನ್ನೈಯಲ್ಲಿ ಆರ್ಮೇನಿಯನ್ನರು ಇಲ್ಲವೆಂಬಷ್ಟು ವಿರಳ. ಉಸ್ಕಾನರ ಸೇತುವೆಯ ಸ್ಥಳದಲ್ಲಿ ಬೇರೊಂದು ಸೇತುವೆ ನಿಂತಿದೆ. ಆದರೆ ಬೆಟ್ಟದ ಮೆಟ್ಟಿಲುಗಳನ್ನು ಭಕ್ತರು ಈಗಲೂ ಏರುತ್ತಾರೆ. ಕಟ್ಟುವುದು ಪುಣ್ಯಕಾರ್ಯ, ಕಟ್ಟಿದ್ದು ಮುಂದಿನವರಿಗೂ ಉಳಿಯುವಂತೆ ನೋಡಿಕೊಳ್ಳುವುದು ಅದಕ್ಕಿಂತ ಕಡಿಮೆಯದಲ್ಲ.