ಶಿಪ್‌ಯಾರ್ಡು ಊರನ್ನು ಕಟ್ಟಿತೇ? ಮಲ್ಪೆಯನ್ನು ಮುಂದಿಟ್ಟು ಒಂದು ಮರುವಿಚಾರ

ಹಡಗು ಕಟ್ಟುವ ಕಾರ್ಖಾನೆ ತಾನು ನೆಲೆಸಿದ ಊರನ್ನೇ ತಿದ್ದಿ ರೂಪಿಸುತ್ತದೆ ಎಂಬ ವಾದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಕೊಡುವ ನಿದರ್ಶನಗಳು ಎರಡು. ವಿಶಾಖಪಟ್ಟಣದಲ್ಲಿ ಸಿಂಧಿಯಾ ಕಂಪನಿಯ ಯಾರ್ಡಿಗೆ 1941ರಲ್ಲಿ ಅಡಿಗಲ್ಲು ಬಿತ್ತು, 1948ರಲ್ಲಿ ‘ಜಲ ಉಷಾ’ ನೀರಿಗಿಳಿಯಿತು. ಕೊಚ್ಚಿಯಲ್ಲಿ 1972ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ 1981ರಲ್ಲಿ ‘ರಾಣಿ ಪದ್ಮಿನಿ’ಯನ್ನು ಕಟ್ಟಿ ಒಪ್ಪಿಸಿತು. ಇವುಗಳ ಬೆನ್ನಿಗೆ ಎರಡು ಸಿದ್ಧಾಂತಗಳೂ ಇವೆ: ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಪೆರೂ 1955ರಲ್ಲಿ ಮಂಡಿಸಿದ ಬೆಳವಣಿಗೆಯ ಧ್ರುವದ ಕಲ್ಪನೆ ಮತ್ತು ಆಲ್ಬರ್ಟ್ ಹರ್ಷ್‌ಮನ್ 1958ರಲ್ಲಿ ವಿವರಿಸಿದ ಹಿಂದು–ಮುಂದಿನ ಕೊಂಡಿಗಳು. ಒಂದು ಕೈಗಾರಿಕೆ ತನಗೆ ಬೇಕಾದುದನ್ನು ಕೊಳ್ಳುತ್ತ, ತಾನು ಮಾಡಿದ್ದನ್ನು ಮಾರುತ್ತ ಇತರ ಕೈಗಾರಿಕೆಗಳನ್ನು ಹುಟ್ಟಿಸುತ್ತದೆ ಎಂಬುದು ಹರ್ಷ್‌ಮನ್ನರ ವಾದದ ತಿರುಳು. ವಿಶಾಖಪಟ್ಟಣದ ಮಟ್ಟಿಗೆ ಇದರಲ್ಲಿ ತಕರಾರಿಲ್ಲ. ಕರಾವಳಿ ಕರ್ನಾಟಕಕ್ಕೂ ಇದೇ ಅಳತೆಗೋಲು ಹಿಡಿದಾಗ ಮಾತ್ರ ಲೆಕ್ಕ ತಪ್ಪುತ್ತದೆ.

ಉಡುಪಿಯ ಮಗ್ಗುಲಿನ ಮಲ್ಪೆಯ ಯಾರ್ಡು ಟೆಬ್ಮಾ ಎಂಬ ಖಾಸಗಿ ಕಂಪನಿಯದಾಗಿತ್ತು. ಹಡಗು ನಿರ್ಮಾಣಕ್ಕೆ ಕೇಂದ್ರ ಕೊಡುತ್ತಿದ್ದ ಸಹಾಯಧನ 2007ರ ಆಗಸ್ಟಿನಲ್ಲಿ ಕೊನೆಗೊಂಡಿತು; ಮರುವರ್ಷ ಜಗತ್ತಿನ ಹಡಗು ಮಾರುಕಟ್ಟೆಯೇ ಕುಸಿಯಿತು. ಸಾಲದ ಹೊರೆಯಲ್ಲಿ ಸಿಕ್ಕ ಖಾಸಗಿ ಯಾರ್ಡುಗಳಲ್ಲಿ ಟೆಬ್ಮಾವೂ ಒಂದು. ದಿವಾಳಿ ಸಂಹಿತೆಯ ಪ್ರಕ್ರಿಯೆಯಲ್ಲಿ ಅದು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡಿನ ಪಾಲಾಗಿ, 2022ರಲ್ಲಿ ‘ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್’ ಎಂದು ಹೆಸರು ಬದಲಿಸಿಕೊಂಡಿತು. 2023ರಲ್ಲಿ ನಾರ್ವೆಯ ವಿಲ್ಸನ್ ಕಂಪನಿ 3,800 ಟನ್ ಸಾಮರ್ಥ್ಯದ ಆರು ಸರಕು ಹಡಗುಗಳಿಗೆ ಬೇಡಿಕೆ ಇಟ್ಟಿತು; ಬಂದರಿನ ಟಗ್‌ಗಳ ನಿರ್ಮಾಣವೂ ನಡೆದಿದೆ.

ಹರ್ಷ್‌ಮನ್ನರ ಕೊಂಡಿಗಳನ್ನು ಇಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಹಡಗಿನ ಉಕ್ಕಿನ ತಗಡು ಉಡುಪಿ ಜಿಲ್ಲೆಯಲ್ಲಿ ತಯಾರಾಗುವುದಿಲ್ಲ. ಎಂಜಿನ್ನು ಬರುವುದೂ ಹೊರಗಿನಿಂದಲೇ. ಕಟ್ಟಿದ ಸರಕು ಹಡಗು ನಾರ್ವೆಯ ಕಂಪನಿಗೆ ಹೋಗುತ್ತದೆ, ಮಲ್ಪೆಯ ಸರಕು ಹೊರುವುದಿಲ್ಲ. ಉಡುಪಿ ನಗರವೂ ಹಡಗನ್ನು ನಂಬಿ ಬೆಳೆದದ್ದಲ್ಲ: ಮಠ, ಬ್ಯಾಂಕು, ಮಣಿಪಾಲದ ವಿದ್ಯಾಸಂಸ್ಥೆಗಳು, ಇವೆಲ್ಲ ಯಾರ್ಡಿಗಿಂತ ಹಿಂದಿನವು. ಹಾಗಾದರೆ ಈ ಯಾರ್ಡು ಊರಿನ ನಡುವೆ ಬಿದ್ದ ದ್ವೀಪವೇ? ಹಾಗೆನ್ನುವುದೂ ಅವಸರವಾದೀತು. ನನ್ನ ವಾದವಿಷ್ಟು: ಯಾರ್ಡಿಗೂ ಮಲ್ಪೆಗೂ ಇರುವ ಮುಖ್ಯ ನಂಟು ಹಿಂದಿನದೂ ಅಲ್ಲ, ಮುಂದಿನದೂ ಅಲ್ಲ, ಅದು ಪಕ್ಕದ್ದು. ಪಕ್ಕದಲ್ಲಿರುವುದು ರಾಜ್ಯದ ಅತಿ ದೊಡ್ಡ ಮೀನುಗಾರಿಕಾ ಬಂದರು. ದಡದಿಂದ ಎಳೆಯುವ ರಾಂಪಣಿ ಬಲೆಯ ಕಾಲ ಮುಗಿದು 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರಚಾಲಿತ ಪರ್ಸೀನ್ ಬೋಟುಗಳು ಬಂದಂದಿನಿಂದ, ಕಬ್ಬಿಣ ಕಡಿಯುವ, ಬೆಸೆಯುವ, ಎಂಜಿನ್ ಬಿಚ್ಚಿ ಜೋಡಿಸುವ, ಪ್ರೊಪೆಲರ್ ದಂಡ ನೆಟ್ಟಗೆ ಕೂರಿಸುವ ಕೆಲಸಗಳಿಗೆ ಬೋಟುಗಳು ತಂಗುವ ಧಕ್ಕೆಯ ಸುತ್ತ ಬೇಡಿಕೆ ಇದ್ದೇ ಇದೆ. ಯಾರ್ಡು ನಿಂತದ್ದು ಈ ಕಸುಬಿನ ನೆಲದ ಮೇಲೆ. ಮೊದಲಿದ್ದದ್ದು ಊರು, ಯಾರ್ಡು ಆಮೇಲೆ ಬಂದು ಅದರ ಕೆಲಸದ ಲಯವನ್ನು ಬದಲಿಸುತ್ತಿದೆ, ಅಷ್ಟೆ.

ಲಯ ಎಂದದ್ದಕ್ಕೆ ಕಾರಣವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಧಕ್ಕೆ ಸೇರುವ ಆ ಎರಡು ತಿಂಗಳು ರಿಪೇರಿಯವರಿಗೆ ಬಿಡುವಿಲ್ಲ. ಉಳಿದ ಕಾಲದಲ್ಲಿ ಕೆಲಸ ಬಂದಾಗ ಉಂಟು, ಬಾರದಾಗ ಇಲ್ಲ. ಯಾರ್ಡಿನ ಒಪ್ಪಂದಗಳು ಮಳೆಗಾಲ ನೋಡಿಕೊಂಡು ನಡೆಯುವುದಿಲ್ಲ. ವರ್ಷಕ್ಕೊಮ್ಮೆ ಉಕ್ಕಿ ಇಳಿಯುತ್ತಿದ್ದ ದುಡಿಮೆಯ ಪಕ್ಕದಲ್ಲಿ ಹನ್ನೆರಡು ತಿಂಗಳ ದುಡಿಮೆ ಬಂದು ನಿಂತಾಗ ಕೂಲಿಯ ದರ, ಬಾಡಿಗೆ ಕೋಣೆ, ಜೂನ್‌ನಲ್ಲಿ ಬೋಟಿನ ಮಾಲೀಕನಿಗೆ ವೆಲ್ಡರ್ ಸಿಗುವನೋ ಇಲ್ಲವೋ ಎಂಬುದು, ಎಲ್ಲವೂ ಅಲುಗಾಡಬೇಕು. ಶಿಪ್‌ಯಾರ್ಡಿನ ಪ್ರಭಾವವನ್ನು ಅದರ ಹಾಜರಿ ಪಟ್ಟಿಯಲ್ಲಿ ಎಣಿಸುವುದಕ್ಕಿಂತ ಈ ಅಲುಗಾಟದಲ್ಲಿ ಅಳೆಯುವುದು ಸರಿ. ಇದು ತರ್ಕದಿಂದ ತಲುಪಿದ ಮಾತು, ಎಣಿಕೆಯಿಂದ ಸಾಬೀತಾದದ್ದಲ್ಲ ಎಂಬ ಎಚ್ಚರ ಇರಲಿ. ಸಣ್ಣ ಯಾರ್ಡುಗಳಿಗೆ, ಅದೂ ದೊಡ್ಡ ಮೀನು ಬಂದರಿನ ಮಗ್ಗುಲಲ್ಲಿರುವವಕ್ಕೆ ಮಾತ್ರ ಇದು ಸಲ್ಲಬಹುದು.

ಆಕ್ಷೇಪಗಳು ಎರಡು ಬಗೆಯವು. ಹಡಗುಗಳ ಗುಣಮಟ್ಟ ಪ್ರಮಾಣೀಕರಿಸುವ ವರ್ಗೀಕರಣ ಸಂಸ್ಥೆಗಳ ಪರೀಕ್ಷೆ ಪಾಸಾದ ವೆಲ್ಡರನೇ ಬೇರೆ, ಬೋಟಿನ ಒಡಲಿಗೆ ತೇಪೆ ಹಾಕುವವನೇ ಬೇರೆ ಎನ್ನಬಹುದು. ನಿಜ, ಆದರೆ ಪರೀಕ್ಷೆ ಅಳೆಯುವುದು ಕೈಯ ಪಳಗುವಿಕೆಯನ್ನು, ಆ ಕೈ ಮೊದಲು ಪಳಗಿದ್ದೆಲ್ಲಿ ಎಂಬುದನ್ನಲ್ಲ. ಎರಡನೆಯದು ಇನ್ನೂ ಗಟ್ಟಿ: ಭಾರತದ ಯಾರ್ಡುಗಳಲ್ಲಿ ಗುತ್ತಿಗೆ ಕಾರ್ಮಿಕರೇ ಹೆಚ್ಚು, ಅವರಲ್ಲಿ ಬಹಳ ಮಂದಿ ಹೊರರಾಜ್ಯದವರು, ಊರಿನ ಕಸುಬಿಗೂ ಅವರಿಗೂ ಏನು ಸಂಬಂಧ? ಆದರೆ ಮಲ್ಪೆಯ ಬೋಟುಗಳಲ್ಲಿಯೂ ಸ್ಥಳೀಯ ಮೀನುಗಾರ ಸಮುದಾಯವಾದ ಮೊಗವೀರರ ಜೊತೆ ಆಂಧ್ರ, ಒಡಿಶಾ, ಜಾರ್ಖಂಡಿನವರು ದುಡಿಯುತ್ತಾರೆ. ಊರಿನ ಕಸುಬು ಎಂದರೆ ಊರಲ್ಲಿ ಹುಟ್ಟಿದವರ ಕಸುಬು ಎಂದು ಹಿಡಿದರೆ ಮೀನುಗಾರಿಕೆಯೂ ಅರ್ಧ ಪರಕೀಯವಾದೀತು. ನೋಡಬೇಕಾದ್ದು ಆಳುಗಳ ಹುಟ್ಟೂರನ್ನಲ್ಲ, ಅವರನ್ನು ಕರೆತರುವ ಗುತ್ತಿಗೆದಾರ ಎರಡೂ ಕಡೆ ಒಬ್ಬನೇ ಹೌದೋ ಅಲ್ಲವೋ ಎಂಬುದನ್ನು.

ಮಂಗಳೂರಿನ ತಣ್ಣೀರುಬಾವಿಯಲ್ಲಿ ಯಾರ್ಡು ಹೊಂದಿದ್ದ ಭಾರತಿ ಕಂಪನಿಯ ಸಮಾಪನಕ್ಕೆ 2019ರಲ್ಲಿ ಆದೇಶವಾಯಿತು, ಮಲ್ಪೆ ಉಳಿಯಿತು. ಕಸುಬಿನ ನೆಲ ಇದ್ದುದರಿಂದಲೇ ಮಲ್ಪೆ ಉಳಿಯಿತು ಎನ್ನುವ ಆಸೆ ನನ್ನ ವಾದಕ್ಕೆ ಸಹಜ, ಆದರೆ ಅದಕ್ಕೆ ಆಧಾರ ಸಾಲದು: ಕೊಳ್ಳುವವನೊಬ್ಬ ಮುಂದೆ ಬಂದದ್ದೇ ಸಾಕಷ್ಟು ಕಾರಣ. ಹೆಚ್ಚು ಹೇಳಬಲ್ಲದ್ದು ಹಂಗಾರಕಟ್ಟೆ. ಸೀತಾ, ಸುವರ್ಣಾ ನದಿಗಳು ಕಡಲು ಸೇರುವ ಅಳಿವೆಯ ಬಳಿಯ ಈ ಊರಿನಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡಿಗೆ ಇನ್ನೊಂದು ಯಾರ್ಡು ಇದೆ. ಅಲ್ಲಿ ಮಲ್ಪೆಯಷ್ಟು ದೊಡ್ಡ ಬೋಟುಗಳ ಸಮೂಹ ಇಲ್ಲ. ಎರಡೂ ಕಡೆಯ ಗುತ್ತಿಗೆದಾರರ ಕೂಲಿ ಪುಸ್ತಕಗಳನ್ನು ಜೂನ್–ಜುಲೈ ತಿಂಗಳುಗಳಿಗಾಗಿ ಹೋಲಿಸಿದಾಗ ಹಂಗಾರಕಟ್ಟೆಯಲ್ಲೂ ಅಲುಗಾಟ ಅಷ್ಟೇ ಕಂಡರೆ, ಪಕ್ಕದ ನಂಟಿನ ಈ ವಾದವನ್ನು ಕೈಬಿಡಬೇಕಾಗುತ್ತದೆ.